ಭಾವನ ಮೂಗು ಮತ್ತು ನನ್ನ ಮೀಟರು

ಜನರ ಚಂದದ ಕಾರಿಗೆ ತೂತು ಕೊರೆದು ಹೊಟ್ಟೆ ಹೊರೆಯುವವನಿಗೆ ಒಂದು ದಿನ ಫಜೀತಿ ಆಗಲಿಲ್ಲವೆಂದರೆ ಆ ದಿನ ಅವನು ಗ್ಯಾರೇಜಿನ ಬಾಗಿಲೇ ತೆರೆದಿಲ್ಲ ಎಂದು ಅರ್ಥ. ಚೆಂಬೂರಿನಲ್ಲಿ ಇಪ್ಪತ್ತು ವರ್ಷದಿಂದ ನಾನು ಬಾಗಿಲು ತೆರೆಯುತ್ತಲೇ ಇದ್ದೇನೆ.

ಟರ್ಬೊ ಇರುವ ಕಾರಿನಲ್ಲಿ ಎಂಜಿನ್ ಉಗುಳುವ ಬಿಸಿ ಹೊಗೆ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಆ ಚಕ್ರದ ಬಲದಿಂದ ಎಂಜಿನ್ನಿಗೆ ಹೆಚ್ಚು ಗಾಳಿ ನುಗ್ಗಿ ಕಾರು ಓಟ ಕೀಳುತ್ತದೆ. ಇದ್ದ ಓಟ ಸಾಲದು, ಇನ್ನಷ್ಟು ಬೇಕು ಎನ್ನುವವರು ಕಾರಿನ ಕಂಪ್ಯೂಟರನ್ನು ಬದಲಾಯಿಸಿಕೊಂಡು ಬರುತ್ತಾರೆ. ಆಗ ಹೊಗೆಯ ಬಿಸಿ ಮಿತಿ ಮೀರಿ ಚಕ್ರವೇ ಕರಗುವ ಭಯ. ಅದಕ್ಕಾಗಿ ಹೊಗೆಯ ಕೊಳವೆಗೆ ತೂತು ಕೊರೆದು, ಪೆನ್ಸಿಲಿಗಿಂತ ಸಪೂರದ ಒಂದು ಸೆನ್ಸರ್ ಕೂರಿಸಿ, ಅಲ್ಲಿಂದ ವಯರು ಎಳೆದು ಸ್ಟೇರಿಂಗಿನ ಪಕ್ಕ ಮೀಟರು ಹಚ್ಚುವುದು ನನ್ನ ಕಸುಬು. ಎಂಜಿನ್ನಿಗೆ ಥರ್ಮಾಮೀಟರ್ ಇಡುವವನು ಎಂದು ತಿಳಿದರೆ ಸಾಕು.

ಗ್ಯಾರೇಜಿನ ಪ್ರಸಂಗಗಳನ್ನು ಹೇಳಿದರೆ ಎಲ್ಲರೂ ನಗುತ್ತಾರೆ. ನಾನೂ ನಗುತ್ತೇನೆ, ಆದರೆ ಪೂರ್ತಿ ನಗಲು ಆಗುವುದಿಲ್ಲ. ಎಲ್ಲದರಲ್ಲೂ ನನ್ನ ಭಾವ ಇದ್ದಾರೆ, ಮತ್ತು ಅವರಿಗೆ ನಾನು ಮಾಡಿದ ಅನ್ಯಾಯ ಸಣ್ಣದಲ್ಲ.

ಮೀನು ತಿಂದವರು ಯಾರು

ಭಾವ ಎಂದರೆ ನನ್ನ ಅಕ್ಕನ ಗಂಡ. ಗ್ಯಾರೇಜು ಶುರುಮಾಡಿದವರು ಅವರೇ. ಉಡುಪಿ ಕಡೆಯಿಂದ ಬರಿಗೈಯಲ್ಲಿ ಬಂದ ನನಗೆ ನಟ್ಟು ಬಿಚ್ಚುವ ಪಾನಾ ಹಿಡಿಯಲು ಕಲಿಸಿದವರೂ ಅವರೇ. ನನಗೆ ಮೀಟರು ಇದ್ದ ಹಾಗೆ ಅವರಿಗೆ ಮೂಗು ಇತ್ತು. ಕಾರಿನ ಹಿಂದೆ ನಿಂತು ಎರಡು ಸಲ ಮೂಸಿ, ಡೀಸೆಲ್ ಹೆಚ್ಚು ಸುರಿಯುತ್ತಿದೆ, ಎಣ್ಣೆ ಒಳಗೆ ಸೋರುತ್ತಿದೆ, ಚಕ್ರ ಕಾದಿದೆ ಎಂದು ಹೇಳಿಬಿಡುತ್ತಿದ್ದರು. ಬಿಚ್ಚಿ ನೋಡಿದರೆ ಹಾಗೆಯೇ ಇರುತ್ತಿತ್ತು.

ಒಮ್ಮೆ ಘಾಟ್‌ಕೋಪರಿನಿಂದ ಒಬ್ಬ ಸೇಠರು ದೊಡ್ಡ ಕಾರಿನಲ್ಲಿ ಬಂದರು. ಈರುಳ್ಳಿಯನ್ನೂ ಮುಟ್ಟದ ಮನೆತನ ಎಂದು ಅವರೇ ಹೇಳಿಕೊಂಡಿದ್ದರು. ಎಂಜಿನ್ ಎಳೆಯುವುದಿಲ್ಲ ಎಂಬುದು ದೂರು. ಭಾವ ಹಿಂದೆ ಮೂಸಿದರು, ಮುಂದೆ ಮೂಸಿದರು, ಆಮೇಲೆ ಬಾಗಿಲು ತೆಗೆದು ಒಳಗೂ ಮೂಸಿದರು. ಎಂಜಿನ್ನಿನ ಗಾಳಿಯ ಪೈಪು ಒಡೆದಿದೆ, ಅದು ದೊಡ್ಡ ಸಂಗತಿಯಲ್ಲ, ಆದರೆ ಈ ಕಾರಿನಲ್ಲಿ ಯಾರೋ ದಿನವೂ ಹುರಿದ ಬಂಗುಡೆ ಮೀನು ತಿನ್ನುತ್ತಿದ್ದಾರೆ ಎಂದರು.

ಸೇಠರು ಕೆಂಡವಾದರು. ಡ್ರೈವರನ್ನು ಅಲ್ಲೇ ನಿಲ್ಲಿಸಿ ಹಿಗ್ಗಾಮುಗ್ಗಾ ಬೈದರು. ಆತ ತಲೆ ತಗ್ಗಿಸಿ ನಿಂತಿದ್ದ. ಬೈದು ಮುಗಿದ ಮೇಲೆ ಅವನನ್ನು ಚಹಾ ತರಲು ಕಳಿಸಿದರು. ಅವನು ರಸ್ತೆ ದಾಟುವುದನ್ನೇ ಕಾದಿದ್ದು, ಭಾವನ ಹತ್ತಿರ ಬಂದು ದನಿ ತಗ್ಗಿಸಿ, ಈ ವಾಸನೆ ಹೋಗಲು ಏನಾದರೂ ಸ್ಪ್ರೇ ಇದೆಯೇ, ಸಂಜೆ ಹೆಂಡತಿ ಈ ಕಾರಿನಲ್ಲೇ ಕೂರುತ್ತಾಳೆ ಎಂದು ಕೇಳಿದರು.

ಡ್ರೈವರ್ ಚಹಾ ತಂದಾಗ ಭಾವ ಮೊದಲ ಕಪ್ಪನ್ನು ಅವನಿಗೇ ಕೊಟ್ಟರು.

ತೂತಿಗೊಂದು ಮುಹೂರ್ತ

ಮಾಟುಂಗದ ಒಬ್ಬ ರಾಯರು, ಮೈಸೂರಿನ ಕಡೆಯವರು, ಬ್ಯಾಂಕಿನಿಂದ ನಿವೃತ್ತರಾದವರು, ಹೊಸ ಟರ್ಬೊ ಕಾರು ಕೊಂಡಿದ್ದರು. ಯಾರೋ ಅವರ ತಲೆಗೆ ಈ ಮೀಟರಿನ ಹುಳ ಬಿಟ್ಟಿದ್ದರು. ಬಂದು ಎಲ್ಲ ವಿಚಾರಿಸಿದರು. ತೂತು ಕೊರೆಯಬೇಕು ಎಂದ ಕೂಡಲೇ ಮುಖ ಸಣ್ಣದಾಯಿತು. ಹುಡುಗಿಗೆ ಮೂಗು ಚುಚ್ಚಿಸುವುದಕ್ಕೂ ದಿನ ನೋಡುತ್ತೇವಲ್ಲ, ಇದಕ್ಕೂ ನೋಡಿಬಿಡೋಣ ಎಂದು ಪಂಚಾಂಗ ತೆಗೆದರು.

ಶುಕ್ರವಾರ ರಾಹುಕಾಲ ಕಳೆದ ಮೇಲೆ ಎಂದು ನಿಶ್ಚಯವಾಯಿತು. ದಂಪತಿ ತೆಂಗಿನಕಾಯಿ, ಕುಂಕುಮ, ಹೂವು ಸಮೇತ ಬಂದರು. ನಾನು ಹೊಗೆಯ ಕೊಳವೆಯನ್ನು ಬಿಚ್ಚಿ ಮೇಜಿನ ಮೇಲಿಟ್ಟಿದ್ದೆ. ರಾಯರು ಅದಕ್ಕೆ ಅಡ್ಡಡ್ಡ ಕುಂಕುಮ ಬಳಿದು ಹೂವು ಏರಿಸಿದರು. ನಾನು ಶೂ ಬಿಚ್ಚಿ ಡ್ರಿಲ್ ಹಿಡಿದೆ. ಎಲ್ಲ ಜೋಡಿಸಿ ಎಂಜಿನ್ ಚಾಲೂ ಮಾಡಿದರೆ, ಒರೆಸಲು ಮರೆತಿದ್ದ ಕುಂಕುಮವೂ ಒಂದೆರಡು ದಾಸವಾಳದ ಎಸಳೂ ಸುಟ್ಟು ಬಾನೆಟ್ಟಿನಿಂದ ಹೊಗೆ ಎದ್ದಿತು. ರಾಯರ ಎದೆ ಹಾರಿತು. ಭಾವ ಒಮ್ಮೆ ಮೂಸಿ, ಕಾರಿಗೆ ಏನೂ ಆಗಿಲ್ಲ, ದೇವರಿಗೆ ಮುಟ್ಟಿತು ಎಂದರು.

ಒಂದು ತಿಂಗಳಲ್ಲಿ ರಾಯರು ವಾಪಸು ಬಂದರು. ಮೀಟರು ಕಿತ್ತುಹಾಕಿ ಎಂದರು. ಅವರು ಗೇರು ಹಾಕಿದರೆ ಸಾಕು, ಹೆಂಡತಿ ಪಕ್ಕದಲ್ಲಿ ಕೂತು ಐನೂರ ಹತ್ತು, ಐನೂರ ನಲವತ್ತು, ಆರುನೂರು ಎಂದು ಗಟ್ಟಿಯಾಗಿ ಓದುತ್ತಾರಂತೆ. ಆ ಹೆಂಡತಿಯೂ ಕಾರಿನಿಂದ ಇಳಿದು ಬಂದು, ತೆಗೆಯಕೂಡದು ಎಂದರು. "ನಿಧಾನ ಹೋಗಿ ಅಂತ ಮೂವತ್ತು ವರ್ಷದಿಂದ ನಾನು ಹೇಳ್ತಿದ್ದೀನಿ, ಇವರು ಕೇಳಿದ್ದುಂಟೇ? ಈಗ ಅದೇ ಮಾತನ್ನ ಮೀಟರ್ ಹೇಳಿದ್ರೆ ಕಾಲು ತೆಗೀತಾರೆ." ಮೀಟರು ಉಳಿಯಿತು.

ಅವತ್ತಿನಿಂದ ನನಗೆ ಕೊಬ್ಬು ಏರಿತು. ನೋಡಿ ಭಾವ, ಮೀಟರು ಹೇಳಿದರೆ ಗಂಡಸರೂ ಕೇಳುತ್ತಾರೆ, ನಿಮ್ಮ ಮೂಗನ್ನು ಯಾರು ಕೇಳುತ್ತಾರೆ ಎಂದು ಛೇಡಿಸುತ್ತಿದ್ದೆ. ಅವರು ನಗುತ್ತಿದ್ದರು. ಆ ನಗುವಿನಲ್ಲಿ ಸ್ವಲ್ಪ ನೋವಿತ್ತು ಎಂದು ಈಗ ಅನಿಸುತ್ತದೆ.

ಅಕ್ಕನ ವ್ಯಾಕ್ಯೂಮ್ ಕ್ಲೀನರು

ತೂತು ಕೊರೆಯುವಾಗ ಕೊಳವೆಯನ್ನು ಬಿಚ್ಚಿ ಹೊರಗೆ ತೆಗೆಯಬೇಕು. ಇಲ್ಲವಾದರೆ ಕಬ್ಬಿಣದ ಪುಡಿ ಒಳಗೇ ಉಳಿದು ಟರ್ಬೊ ಚಕ್ರಕ್ಕೆ ಹೊಡೆಯುತ್ತದೆ. ಇದನ್ನು ಭಾವ ನನಗೆ ಮೊದಲ ದಿನವೇ ಹೇಳಿದ್ದರು. ಒಂದು ದಿನ ಅವಸರಕ್ಕೆ ಬಿದ್ದು ನಾನು ಬಿಚ್ಚದೆಯೇ ಕೊರೆದೆ. ಕೊರೆದಾದ ಮೇಲೆ ಆ ಮಾತು ನೆನಪಾಯಿತು. ಟ್ಯಾಕ್ಸಿ ಹಿಡಿದು ಅಕ್ಕನ ಮನೆಗೆ ಓಡಿ, ಅವಳು ದೇವರ ಕೋಣೆ ಗುಡಿಸಲು ಇಟ್ಟುಕೊಂಡಿದ್ದ ವ್ಯಾಕ್ಯೂಮ್ ಕ್ಲೀನರನ್ನು ಹೇಳದೆ ಕೇಳದೆ ತಂದು, ಕೊಳವೆಯ ಬಾಯಿಗೆ ಹಿಡಿದು ಎಲ್ಲವನ್ನೂ ಎಳೆಸಿದೆ. ಕಾರು ಉಳಿಯಿತು. ಕ್ಲೀನರನ್ನು ಸದ್ದಿಲ್ಲದೆ ಅದರ ಜಾಗದಲ್ಲಿಟ್ಟು ಬಂದೆ.

ಮರುದಿನ ಅಕ್ಕ ಅದನ್ನು ಚಾಲೂ ಮಾಡಿದಳು. ಚೀಲ ಒಳಗೆ ಹರಿದಿತ್ತೋ ಏನೋ, ಆ ಕಾರಿನ ನಾಲ್ಕು ವರ್ಷದ ಡೀಸೆಲ್ ಮಸಿ ಹಿಂದಿನ ಬಾಯಿಯಿಂದ ಹಾರಿ, ಬಿಳಿ ಗೋಡೆ, ಬಿಳಿ ಸೋಫಾ, ದೇವರ ಫೋಟೋ ಎಲ್ಲ ಒಂದೇ ಬಣ್ಣವಾದವು. ನಾನು ಬಾಯಿ ತೆರೆಯುವ ಮುಂಚೆಯೇ ಭಾವ, "ನಾನು ತಕೊಂಡು ಹೋದದ್ದು, ನಂದೇ ತಪ್ಪು" ಎಂದುಬಿಟ್ಟರು. ಇಡೀ ಭಾನುವಾರ ಬಕೆಟ್ ಹಿಡಿದು ಗೋಡೆ ತೊಳೆದರು. ನಾನು ಸೋಫಾದ ತುದಿಯಲ್ಲಿ ಕೂತು ಅಕ್ಕ ಕೊಟ್ಟ ಕಾಫಿ ಕುಡಿಯುತ್ತಾ, ಭಾವನಿಗೆ ಇಷ್ಟು ವಯಸ್ಸಾದರೂ ಬುದ್ಧಿ ಬರಲಿಲ್ಲವಲ್ಲ ಎಂದು ಅವಳ ಜೊತೆ ಸೇರಿ ಬೈದೆ.

ಎರಡು ತಪ್ಪು ಮಾಡಿ ಬಚಾವಾದದ್ದು

ಕೊರೊನಾ ಬಂದಾಗ ಮುಂಬಯಿಯ ಅರ್ಧ ಜನರ ಹಾಗೆ ಭಾವನ ಮೂಗೂ ಮೂರು ವಾರ ಸತ್ತಿತ್ತು. ಆಮೇಲೆ ನಿಧಾನವಾಗಿ ವಾಸನೆ ಮರಳಿತು. ಆದರೂ ಅವರಿಗೆ ಒಳಗೊಳಗೇ ಅನುಮಾನ. ಎರಡು ಸಲ ಮೂಸುವ ಕಡೆ ನಾಲ್ಕು ಸಲ ಮೂಸುತ್ತಿದ್ದರು.

ಅದು ಕಳೆದು ಒಂದು ವರ್ಷದ ಮೇಲೆ ನಾನು ಅವರ ಸ್ವಂತ ಕಾರಿಗೆ ಕೈಹಾಕಿದೆ. ಹತ್ತು ವರ್ಷದ ಡೀಸೆಲ್ ಟರ್ಬೊ. ದಿನಾ ಬೆಳಿಗ್ಗೆ ಅವರೇ ಒರೆಸುತ್ತಿದ್ದ ಕಾರು. ಓನರಿನ ಕಾರಿಗೇ ಮೀಟರು ಇಲ್ಲವೆಂದರೆ ಗಿರಾಕಿ ಏನೆನ್ನುತ್ತಾನೆ ಎಂದು ಪೀಡಿಸಿ ಒಪ್ಪಿಸಿದೆ. ಕಂಪ್ಯೂಟರ್ ಬದಲಾಯಿಸಿ ಶಕ್ತಿ ಏರಿಸಿದೆ, ಸೆನ್ಸರ್ ಕೂರಿಸಿದೆ. ಸೆನ್ಸರಿನ ವಯರು ಗಿಡ್ಡವಾಯಿತೆಂದು ಲೋಹಾರ್ ಚಾಲಿನ ಎಲೆಕ್ಟ್ರಿಕ್ ಅಂಗಡಿಯಿಂದ ಅದೇ ಜಾತಿಯ ಇನ್ನೊಂದು ವಯರು ತಂದು ಜೋಡಿಸಿದೆ. ಕೆಂಪಿಗೆ ಕೆಂಪು ಕಟ್ಟಿದೆ, ಮೀಟರಿನ ಪ್ಲಸ್ಸಿಗೂ ಕೆಂಪನ್ನೇ ಕಟ್ಟಿದೆ. ಕೆಂಪು ಎಂದರೆ ಪ್ಲಸ್ ಎಂಬುದು ಕಾರಿನ ವಯರು ಮುಟ್ಟುವ ಪ್ರತಿಯೊಬ್ಬನಿಗೂ ಗೊತ್ತು.

ಭಾನುವಾರ ಬೆಳಿಗ್ಗೆ ಪರೀಕ್ಷೆಗೆ ಹೊರಟೆವು. ಠಾಣೆ ದಾಟಿ ಘೋಡ್‌ಬಂದರ್ ರಸ್ತೆಯ ಏರಿನಲ್ಲಿ ನಾನು ಕಾಲನ್ನು ಪೂರ್ತಿ ಒತ್ತಿದೆ. ಭಾವ ಪಕ್ಕದಲ್ಲಿದ್ದರು, ಗಾಜು ಇಳಿಸಿತ್ತು. ಒಂದು ಸಲ ಮೂಸಿದರು. "ಕಾಲು ತೆಗಿ ಮಾರಾಯ, ಬಿಸಿ ಜಾಸ್ತಿ ಉಂಟು" ಎಂದರು.

ನಾನು ಮೀಟರು ತೋರಿಸಿದೆ. ಏಳುನೂರು. ಇನ್ನೂ ನೂರೈವತ್ತು ಡಿಗ್ರಿ ಜಾಗವಿತ್ತು. "ನಿಮ್ಮ ಮೂಗಿಗೆ ಕೊರೊನಾ ಇನ್ನೂ ಬಿಟ್ಟಿಲ್ಲ ಭಾವ" ಎಂದೆ.

ಅವರು ಇನ್ನೊಮ್ಮೆ ಮೂಸಿದರು. ಮೀಟರು ನೋಡಿದರು. ಗಾಜು ಏರಿಸಿಕೊಂಡರು. ಮುಂದಿನ ತಿರುವಿನಲ್ಲಿ ಟರ್ಬೊ ಸೀಟಿ ಹೊಡೆದ ಹಾಗೆ ಕೂಗಿ, ಢಬ್ ಎಂದು ಸದ್ದಾಗಿ, ಹಿಂದೆ ರಸ್ತೆಯೇ ಕಾಣದಷ್ಟು ನೀಲಿ ಹೊಗೆ ಎದ್ದಿತು.

ತರಕಾರಿ ಟೆಂಪೊ ಒಂದು ನಮ್ಮನ್ನು ಹಗ್ಗ ಕಟ್ಟಿ ಚೆಂಬೂರಿನವರೆಗೆ ಎಳೆಯಿತು. ಹಿಂದಿನ ಗಾಜಿಗೆ ನಾನೇ ಮರಾಠಿಯಲ್ಲಿ ಬರೆಸಿ ಅಂಟಿಸಿದ್ದ ಸ್ಟಿಕ್ಕರು ಹಾಗೇ ಇತ್ತು: ನಿಮ್ಮ ಎಂಜಿನ್ನಿನ ಜ್ವರ, ನಮ್ಮ ಜವಾಬ್ದಾರಿ. ಪ್ರತಿ ಸಿಗ್ನಲ್ಲಿನಲ್ಲೂ ಜನ ಅದನ್ನು ಗಟ್ಟಿಯಾಗಿ ಓದಿ ನಗುತ್ತಿದ್ದರು.

ಮರುದಿನ ನಾನೊಬ್ಬನೇ ಟರ್ಬೊ ಬಿಚ್ಚಿದೆ. ಚಕ್ರದ ಎಸಳುಗಳ ತುದಿ ಅರ್ಧ ಚೀಪಿದ ಪೆಪ್ಪರ್‌ಮೆಂಟಿನ ಹಾಗೆ ಕರಗಿತ್ತು. ಬಿಸಿಯಿಂದಲೇ ಹೋದದ್ದು, ಅನುಮಾನವೇ ಇಲ್ಲ. ಹಾಗಾದರೆ ಮೀಟರು ಹೇಳಿದ್ದೇನು? ಸೆನ್ಸರಿನ ತುದಿಯನ್ನು ಕುದಿಯುವ ಚಹಾದ ಪಾತ್ರೆಗೆ ಇಳಿಸಿದೆ. ನೂರು ತೋರಿಸಿತು, ಸರಿಯಾಗಿಯೇ ಇತ್ತು. ಆಮೇಲೆ ಬಾನೆಟ್ಟಿನೊಳಗೆ ಇರುವ ಹಾಗೆ ವಯರಿನ ಜೋಡಣೆಗೆ ಸ್ವಲ್ಪ ಬಿಸಿ ಗಾಳಿ ಹಿಡಿದೆ. ಮೀಟರು ತೊಂಬತ್ತಕ್ಕೆ ಇಳಿಯಿತು, ಎಪ್ಪತ್ತು, ನಲವತ್ತು, ಇಪ್ಪತ್ತು. ಚಹಾ ನನ್ನ ಕಣ್ಣೆದುರೇ ಕೊತಕೊತ ಕುದಿಯುತ್ತಿತ್ತು, ಮೀಟರು ಮಾತ್ರ ಅದು ಫ್ರಿಜ್ಜಿನಿಂದ ತೆಗೆದದ್ದು ಎನ್ನುತ್ತಿತ್ತು.

ಲೋಹಾರ್ ಚಾಲಿನ ಆ ವಯರು ಬೇರೆ ದೇಶದ ಪದ್ಧತಿಯದು. ಅದರಲ್ಲಿ ಕೆಂಪು ಎಂದರೆ ಮೈನಸ್. ನಾನು ಎರಡೂ ತುದಿಯಲ್ಲಿ ಉಲ್ಟಾ ಕಟ್ಟಿದ್ದೆ. ಒಂದೇ ಕಡೆ ತಪ್ಪಿದ್ದರೆ ಮೀಟರು ಹಿಂದಕ್ಕೆ ಓಡಿ ಅಲ್ಲೇ ಸಿಕ್ಕಿಬೀಳುತ್ತಿದ್ದೆ. ಎರಡು ತಪ್ಪು ಮಾಡಿದ್ದರಿಂದ ಸರಿಯಾಗಿರುವ ಹಾಗೆ ಕಂಡಿತು, ಮತ್ತು ಎಂಜಿನ್ ಕಾದಷ್ಟೂ ಸುಳ್ಳು ದೊಡ್ಡದಾಗುತ್ತಾ ಹೋಯಿತು.

ಮಧ್ಯಾಹ್ನ ಭಾವ ಬಂದು ಏನಾಗಿತ್ತು ಎಂದು ಕೇಳಿದರು. ಆಗ ಹೇಳಿದ್ದರೆ ಮುಗಿದುಹೋಗುತ್ತಿತ್ತು. ನಾನು, ಬೇರಿಂಗ್ ಹಳತು, ಸವೆದಿತ್ತು ಎಂದೆ.

"ಹಾಗಾದ್ರೆ ಬಿಸಿಯಿಂದ ಅಲ್ವಾ?"

"ಅಲ್ಲ ಭಾವ."

ಅವರು ಕೈ ಒರೆಸಿಕೊಂಡರು. "ಹಾಗಾದ್ರೆ ನಾನು ಮೂಸಿದ್ದು ಎಂತದು?" ಎಂದು ತಮ್ಮಷ್ಟಕ್ಕೇ ಕೇಳಿಕೊಂಡರು. ಕರಗಿದ ಚಕ್ರ ಆಗಲೇ ಧಾರಾವಿಗೆ ಹೋಗುವ ಗುಜರಿಯ ಗೋಣಿಯಲ್ಲಿತ್ತು. ನಾನೇ ಹಾಕಿದ್ದೆ.

ತಿಂಗಳೊಳಗೆ ಅವರು ಗ್ಯಾರೇಜಿಗೆ ಬರುವುದು ನಿಲ್ಲಿಸಿದರು. ಮೂಗು ಕೆಟ್ಟವನಿಗೆ ಇಲ್ಲಿ ಕೆಲಸವಿಲ್ಲ ಎಂದು ಬೀಗದ ಕೈ ನನ್ನ ಕೈಗಿಟ್ಟರು. ಆ ದಿನ ಹೊಸ ಗಿರಾಕಿಯೊಬ್ಬ ಬಂದು, ಇಲ್ಲಿ ಮೂಸಿ ಹೇಳುವವರು ಇದ್ದಾರಂತೆ, ಎಲ್ಲಿ ಎಂದು ಕೇಳಿದ. ನಮ್ಮಲ್ಲಿ ಈಗ ಎಲ್ಲ ವೈಜ್ಞಾನಿಕ ಎಂದೆ.

ನಾಲ್ಕು ಬಾಟಲಿ

ಅಕ್ಕ ಸುಮ್ಮನಿರುವವಳಲ್ಲ. ಭಾವನನ್ನು ಮೂಗಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ದಿನಕ್ಕೆರಡು ಸಲ ಬೇರೆಬೇರೆ ವಾಸನೆ ಮೂಸುವ ಅಭ್ಯಾಸ ಮಾಡಿ, ಮೂಗು ಮತ್ತೆ ಕಲಿಯುತ್ತದೆ ಎಂದು ಡಾಕ್ಟರು ಹೇಳಿದರು. ಅಕ್ಕ ನಾಲ್ಕು ಬಾಟಲಿ ಮಾಡಿದಳು: ಕಾಫಿಪುಡಿ, ಲವಂಗ, ಕರ್ಪೂರ, ಇಂಗು.

ಪ್ರತಿ ಭಾನುವಾರ ಮಾಟುಂಗದ ಅವರ ಮನೆಯಲ್ಲಿ ನನಗೆ ಊಟ. ಊಟಕ್ಕೆ ಮುಂಚೆ ಪರೀಕ್ಷೆ. ಅಕ್ಕ ಭಾವನ ಕಣ್ಣಿಗೆ ಟವೆಲು ಕಟ್ಟಿ ಒಂದೊಂದೇ ಬಾಟಲಿ ಹಿಡಿಯುವಳು. ಭಾವ ನಾಲ್ಕನ್ನೂ ಸರಿಯಾಗಿ ಹೇಳುವರು. ಅಕ್ಕನಿಗೆ ಖುಷಿಯೋ ಖುಷಿ. ಭಾವ ಟವೆಲು ಬಿಚ್ಚಿ, ಇದರಲ್ಲೇನಿದೆ, ಮುಚ್ಚಳದ ಸದ್ದಿನಲ್ಲೇ ಗೊತ್ತಾಯಿತು ಎನ್ನುವರು. ಮುಂದಿನ ವಾರ ಅಕ್ಕ ಎಲ್ಲಕ್ಕೂ ಒಂದೇ ತರದ ಮುಚ್ಚಳ ಹಾಕಿದಳು. ನಾಲ್ಕೂ ಸರಿ. ಇಂಗು ಹಿಡಿದಾಗ ನೀನು ಕೈ ದೂರ ಇಡುತ್ತಿ, ಬಳೆಯ ಸದ್ದು ಬೇರೆ ಬರುತ್ತದೆ ಎಂದರು. ಅಕ್ಕ ಬಳೆ ತೆಗೆದಿಟ್ಟಳು. ನಾಲ್ಕೂ ಸರಿ. ಮೂರು ಹೇಳಿದ ಮೇಲೆ ಉಳಿಯುವುದು ಒಂದೇ ಅಲ್ಲವೇ ಎಂದರು.

ಕೊನೆಗೆ ಅಕ್ಕ ಒಂದು ಉಪಾಯ ಮಾಡಿದಳು. ನಾಲ್ಕೂ ಬಾಟಲಿಗೆ ಕಾಫಿಪುಡಿಯನ್ನೇ ತುಂಬಿದಳು. ಭಾವ ಮೊದಲನೆಯದು ಕಾಫಿ ಎಂದರು, ಎರಡನೆಯದೂ ಕಾಫಿ, ಮೂರನೆಯದೂ ಕಾಫಿ ಎಂದರು. ನಾಲ್ಕನೆಯದನ್ನು ಮೂಸಿ ಟವೆಲು ಬಿಚ್ಚಿದರು. ಅವರ ಕಣ್ಣಲ್ಲಿ ನೀರಿತ್ತು. "ನೋಡಿದ್ಯಾ, ನಂಗೆ ಎಲ್ಲಾ ಒಂದೇ ವಾಸನೆ ಬರ್ತದೆ" ಎಂದರು.

ನಾನು ಬಿದ್ದು ಬಿದ್ದು ನಕ್ಕೆ. ಆಮೇಲೆ ಬಡಿಸಿದ ಅನ್ನವನ್ನು ಅರ್ಧಕ್ಕೇ ಬಿಟ್ಟು ಎದ್ದೆ.

ಗುರುವಾರದ ಆಪರೇಷನ್

ಹೀಗೆ ಎರಡು ವರ್ಷ ಕಳೆಯಿತು. ಭಾವನೇ ಹುಡುಕಿಕೊಂಡು ಇನ್ನೊಬ್ಬ ಡಾಕ್ಟರ ಹತ್ತಿರ ಹೋದರು. ಮೂಗಿನೊಳಗಿನ ಎಲುಬು ಸ್ವಲ್ಪ ಸೊಟ್ಟ ಇದೆ, ತುಂಬ ಜನರಿಗೆ ಇರುತ್ತದೆ, ಬೇಕಾದರೆ ನೇರ ಮಾಡಬಹುದು, ವಾಸನೆ ಬರುವುದಕ್ಕೆ ಖಾತ್ರಿ ಇಲ್ಲ ಎಂದು ಅವರು ಹೇಳಿದರಂತೆ. ಭಾವ ಖಾತ್ರಿಯ ಮಾತು ಕಿವಿಗೆ ಹಾಕಿಕೊಳ್ಳದೆ ಗುರುವಾರಕ್ಕೆ ದಿನ ಗೊತ್ತುಮಾಡಿ ಬಂದರು. ಅಕ್ಕ ಫೋನಿನಲ್ಲಿ, ಆಸ್ಪತ್ರೆಯಲ್ಲಿ ನನ್ನ ಜೊತೆ ಕೂರಲು ಬಾ ಎಂದಳು. ನನ್ನ ಒಂದು ಸುಳ್ಳಿಗೆ ಯಾವ ಪಾಪವನ್ನೂ ಮಾಡದ ಒಂದು ಮೂಗನ್ನು ಕುಯ್ಯಲು ಹೊರಟಿದ್ದರು.

ಬುಧವಾರ ಸಂಜೆ ಆ ವಯರನ್ನು ಚೀಲದಲ್ಲಿಟ್ಟುಕೊಂಡು ಲೋಕಲ್ ರೈಲು ಹತ್ತಿದೆ. ಏನು ಹೇಳುವುದು, ಹೇಗೆ ಶುರುಮಾಡುವುದು ಎಂದು ಮನಸ್ಸಿನಲ್ಲೇ ಅಭ್ಯಾಸ ಮಾಡುತ್ತಾ ಮಾಟುಂಗ ದಾಟಿಹೋಗಿ ದಾದರಿನಲ್ಲಿ ಇಳಿದೆ. ವಾಪಸು ನಡೆದೇ ಬಂದೆ. ಭಾವ ಆಸ್ಪತ್ರೆಯ ಚೀಲಕ್ಕೆ ಟವೆಲು, ಲುಂಗಿ, ಹಲ್ಲುಜ್ಜುವ ಬ್ರಷ್ಷು ತುಂಬುತ್ತಿದ್ದರು. ನಾನು ವಯರನ್ನು ಟೀಪಾಯಿಯ ಮೇಲಿಟ್ಟು ಎಲ್ಲವನ್ನೂ ಹೇಳಿದೆ. ಕೆಂಪು ತುದಿ, ಕುದಿಯುವ ಚಹಾ, ಕರಗಿದ ಚಕ್ರ, ಬೇರಿಂಗಿನ ಸುಳ್ಳು, ಗುಜರಿಯ ಗೋಣಿ. ಅಡುಗೆಮನೆಯಲ್ಲಿ ಅಕ್ಕನ ಸೌಟಿನ ಸದ್ದು ನಿಂತಿತು.

ಭಾವ ವಯರನ್ನು ತಿರುಗಿಸಿ ತಿರುಗಿಸಿ ನೋಡಿದರು. "ಉಲ್ಟಾ ಕಟ್ಟಿದ್ದು ಬಿಡು, ಅದು ಯಾರಿಗೂ ಆಗ್ತದೆ" ಎಂದರು. "ಎರಡು ವರ್ಷ ಪ್ರತಿ ಆದಿತ್ಯವಾರ ನನ್ನೆದುರು ಕೂತು, ನಾನು ಬಾಟಲಿ ಮೂಸೋದನ್ನ ನೋಡಿದೆ ಅಲ್ವಾ ನೀನು?"

ತಪ್ಪಾಯಿತು ಭಾವ ಎಂದೆ. ಅತ್ತೂಬಿಟ್ಟೆ. ಆ ಪ್ರಶ್ನೆಗೆ ಅದು ಉತ್ತರವಲ್ಲ ಎಂದು ನನಗೂ ಗೊತ್ತಿತ್ತು.

ಆಪರೇಷನ್ ನಿಂತಿತು. ಈಗ ಭಾವ ವಾರಕ್ಕೆರಡು ದಿನ ಗ್ಯಾರೇಜಿಗೆ ಬರುತ್ತಾರೆ. ಮೂಸಿ ಹೇಳುವುದು ಮೊದಲಿನಷ್ಟೇ ಸರಿಯಾಗಿರುತ್ತದೆ. ಆದರೆ ಹೇಳುವ ಮುಂಚೆ ಒಮ್ಮೆ ಮೀಟರಿನ ಕಡೆ ನೋಡುತ್ತಾರೆ, ಆಮೇಲೆ ನನ್ನ ಮುಖ ನೋಡುತ್ತಾರೆ. ಅದನ್ನು ಸರಿಮಾಡುವುದು ಹೇಗೆಂದು ನನಗೆ ತಿಳಿಯದು.

ಆ ಸಂಜೆ ನಡೆದ ಇನ್ನೊಂದು ಮಾತು ಹೇಳಿಬಿಡುತ್ತೇನೆ. ಅಕ್ಕ ಸೌಟು ಹಿಡಿದುಕೊಂಡೇ ಹೊರಗೆ ಬಂದಿದ್ದಳು. ನನ್ನನ್ನು ಬೈಯುತ್ತಾಳೆ ಎಂದು ಕಾದೆ. ಅವಳು ನನ್ನ ಕಡೆ ನೋಡಲೂ ಇಲ್ಲ, ಗಂಡನನ್ನು ಕೇಳಿದಳು, "ಅಂದ್ರೆ ಇಷ್ಟು ದಿನ ನಿಮಗೆ ವಾಸನೆ ಬರ್ತಾನೇ ಇತ್ತಾ?"

"ಬರ್ತಿತ್ತು. ಸುಳ್ಳು ವಾಸನೆ ಅಂತ ಬಿಟ್ಟಿದ್ದೆ."

ಅಕ್ಕ ಕುರ್ಚಿ ಹಿಡಿದು ಮೆಲ್ಲಗೆ ಕೂತಳು. ಅದರ ಹಿಂದಿನ ತಿಂಗಳು ಅವಳು ದೇವಸ್ಥಾನಕ್ಕೆ ಹೋಗಿದ್ದಾಗ ಕೆಳಗಿನ ಮನೆಯಲ್ಲಿ ಗ್ಯಾಸ್ ಸೋರಿ, ಇಡೀ ಬಿಲ್ಡಿಂಗಿನ ಜನ ಉಟ್ಟ ಬಟ್ಟೆಯಲ್ಲಿ ರಸ್ತೆಗೆ ಓಡಿದ್ದರು. ಭಾವ ಒಬ್ಬರೇ ಮನೆಯಲ್ಲಿ ಪೇಪರ್ ಓದುತ್ತಾ ಕೂತಿದ್ದರು. ವಾಚ್‌ಮನ್ ಬಂದು ಕೈಹಿಡಿದು ಎಳೆದುಕೊಂಡು ಹೋಗಬೇಕಾಯಿತು. ಪಾಪ, ಮೂಗಿಲ್ಲದವರು, ಅವರಿಗೇನು ಗೊತ್ತಾಗಬೇಕು ಎಂದು ಎಲ್ಲರೂ ಮರುಗಿದ್ದರು. ಅವತ್ತೂ ವಾಸನೆ ಬಂದಿತ್ತೇ ಎಂದು ಅಕ್ಕ ಕೇಳಿದಳು.

ಭಾವ ತಪ್ಪು ಮಾಡಿದ ಶಾಲೆಯ ಹುಡುಗನ ಹಾಗೆ ತಲೆ ತಗ್ಗಿಸಿದರು.

"ಎಲ್ಲರಿಗಿಂತ ಕಾಲು ಗಂಟೆ ಮುಂಚೆ ಬಂದಿತ್ತು" ಎಂದರು. "ಈ ಮೂಗಿನದ್ದು ಯಾವಾಗಲೂ ಇದೇ ಕತೆ ಅಂತ ಚಹಾ ಮಾಡ್ಲಿಕ್ಕೆ ಎದ್ದೆ. ಲೈಟರ್ ಎಲ್ಲಿಟ್ಟಿದ್ದಿ ಅಂತ ಗೊತ್ತಾಗ್ಲಿಲ್ಲ."